ಸಂಪಾದಕರ ಉತ್ತರ: ಒಳಲೆಯಲ್ಲಿ ಅಳೆದ ಬ್ರಾಂದಿ

ತೀರ್ಥಹಳ್ಳಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹಾಲೂಡಿಸುವ ತಾಯಿ ಅಪರೂಪಕ್ಕೊಮ್ಮೆ ಒಂದು ಲೋಟ ವೈನ್ ಕುಡಿದರೆ ಅದಕ್ಕಾಗಿ ಎದೆಹಾಲನ್ನೇ ಬಿಡಿಸಬೇಕಾಗಿಲ್ಲ ಎಂದು ಕಳೆದ ಸಂಚಿಕೆಯ ಆರೋಗ್ಯ ಅಂಕಣದಲ್ಲಿ ಬಂದ ಮಾತು ಅವರನ್ನು ಕೆರಳಿಸಿದೆ. ‘ಇದು ಕುಡಿತಕ್ಕೆ ಕೊಟ್ಟ ಪರವಾನಗಿ. ನಮ್ಮ ಕಾಲದ ಬಾಣಂತಿ ಕೋಣೆಗೆ ಹೆಂಡದ ಗಾಳಿಯೂ ಸುಳಿಯುತ್ತಿರಲಿಲ್ಲ’ ಎಂಬುದು ಅವರ ಆಕ್ಷೇಪದ ತಿರುಳು.

ಟೀಚರ್, ನಿಮ್ಮ ದುಂಡನೆಯ ಅಕ್ಷರ ನೋಡಿದಾಗಲೇ ನಾನು ಅರ್ಧ ಸೋತಿದ್ದೆ. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ: ಹಾಲೂಡಿಸುವಷ್ಟು ಕಾಲ ಮದ್ಯವನ್ನು ಮುಟ್ಟದಿರುವುದೇ ಎಲ್ಲಕ್ಕಿಂತ ಕ್ಷೇಮ, ನಮ್ಮ ಅಂಕಣದ ಮೊದಲ ಸಾಲೂ ಅದೇ ಆಗಿತ್ತು. ಆದರೆ ಗಾಳಿಯೂ ಸುಳಿಯುತ್ತಿರಲಿಲ್ಲ ಎಂದಿರಲ್ಲ, ಅಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಅಜ್ಜಿ ಕುಡುಕರ ನೆರಳು ಬಿದ್ದರೆ ಅಂಗಳಕ್ಕೆ ಸೆಗಣಿನೀರು ಹಾಕಿಸುತ್ತಿದ್ದ ಹೆಂಗಸು. ಅದೇ ಅಜ್ಜಿಯ ಕೋಣೆಯಲ್ಲಿ, ಅಕ್ಕಿ ಪತ್ತಾಯದ ಹಿಂದೆ, ಹಳೆಯ ಬೈರಾಸದಲ್ಲಿ ಸುತ್ತಿಟ್ಟ ಒಂದು ಬಾಟಲಿ ಇರುತ್ತಿತ್ತು. ನನ್ನ ಚಿಕ್ಕಮ್ಮಂದಿರ ಬಾಣಂತನದಲ್ಲಿ ರಾತ್ರಿ ಊಟವಾದ ಮೇಲೆ ಅಜ್ಜಿ ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನೇ ತೊಳೆದು ತಂದು, ಅದರಲ್ಲಿ ಬ್ರಾಂದಿ ಅಳೆದು, ಬಿಸಿನೀರಿಗೆ ಬೆರೆಸಿ ಕೊಡುತ್ತಿದ್ದಳು. ಶೀತ ಏರದಿರಲಿ, ಮೈ ಗಟ್ಟಿಯಾಗಲಿ ಎಂಬುದು ಉದ್ದೇಶ. ಅದರ ಹೆಸರು ‘ಔಷಧ’. ಬ್ರಾಂದಿ ಎಂಬ ಶಬ್ದವನ್ನು ಆ ಮನೆಯಲ್ಲಿ ಯಾರೂ ಉಚ್ಚರಿಸಿದ್ದು ನನಗೆ ನೆನಪಿಲ್ಲ.

ಬ್ರಾಂದಿಯ ಮಾತು ಹಾಗಿರಲಿ; ನಿಮ್ಮ ಮನೆಯಲ್ಲಿ ಬಾಣಂತಿಗೆ ಕುಡಿಸುವ ಆಯುರ್ವೇದದ ದಶಮೂಲಾರಿಷ್ಟ ಇರಲಿಲ್ಲವೇ? ಬೆಲ್ಲ, ದ್ರಾಕ್ಷಿ, ಜೇನು, ಧಾತಕಿ ಹೂವು ಹಾಕಿ ಹುದುಗಿಸಿ ಮಾಡುವ ಅರಿಷ್ಟದಲ್ಲಿ ಮದ್ಯಸಾರ ತಾನಾಗಿಯೇ ಹುಟ್ಟುತ್ತದೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು. ಬಿಯರಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳ ಹೊಟ್ಟೆನೋವಿಗೆ ಮನೆಮನೆಯಲ್ಲೂ ಇರುತ್ತಿದ್ದ ಗ್ರೈಪ್ ವಾಟರ್ ಇದೆಯಲ್ಲ, 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅದರ ಮೂಲ ಪಾಕದಲ್ಲಿ ನೂರಕ್ಕೆ 3.6ರಷ್ಟು ಮದ್ಯಸಾರವಿತ್ತು, ತಾಯಿಯ ಮೂಲಕವಲ್ಲ, ನೇರವಾಗಿ ಹಸುಗೂಸಿನ ಬಾಯಿಗೆ. ಈಗಿನದರಲ್ಲಿ ಅದನ್ನು ತೆಗೆದಿದ್ದಾರೆ.

ಇದನ್ನೆಲ್ಲ ಹಿರಿಯರನ್ನು ಹೀಯಾಳಿಸಲು ಹೇಳುತ್ತಿಲ್ಲ. 20 ಮಿಲಿಲೀಟರ್ ಅರಿಷ್ಟದಲ್ಲಿರುವ ಮದ್ಯಸಾರ ಹೆಚ್ಚೆಂದರೆ ಒಂದೂವರೆ ಗ್ರಾಂ. 30 ಮಿಲಿಲೀಟರಿನ ಸಣ್ಣ ಪೆಗ್ಗು ವಿಸ್ಕಿಯಲ್ಲಿ 10 ಗ್ರಾಂ. ಅಂಗಡಿಯಲ್ಲಿ ಸಿಗುವ 650 ಮಿಲಿಲೀಟರಿನ ‘ಸ್ಟ್ರಾಂಗ್’ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ನಾವು ಹೆಸರಿಗೆ ಹೆದರುತ್ತೇವೆ, ಅಳತೆಯನ್ನು ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ, ಇಪ್ಪತ್ತು ವರ್ಷಗಳಿಂದ ಇದನ್ನೇ ಬರೆಯುತ್ತಿದ್ದೇನೆ ಎಂದು ಸಹೋದ್ಯೋಗಿಗಳು ಗೊಣಗುತ್ತಾರೆ.

ತಾಯಿಯ ರಕ್ತದಲ್ಲಿ ಮದ್ಯಸಾರ ಎಷ್ಟಿರುತ್ತದೆಯೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ತುದಿ ಮುಟ್ಟುತ್ತದೆ, ಊಟದ ಜೊತೆಗಾದರೆ ಇನ್ನೂ ಸ್ವಲ್ಪ ತಡವಾಗಿ. ಆಮೇಲೆ ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ಇಳಿಯುತ್ತದೆ. ಆದ್ದರಿಂದ ಹಾಲು ಹಿಂಡಿ ಚೆಲ್ಲಿದರೆ ಶುದ್ಧವಾಯಿತು ಎಂಬುದು ಸುಳ್ಳು. ಚೆಲ್ಲಿದರೂ ಚೆಲ್ಲದಿದ್ದರೂ ಹೊತ್ತು ಕಳೆಯಬೇಕು. ಅಮೆರಿಕದ ಆರೋಗ್ಯ ಇಲಾಖೆಯವರು 14 ಗ್ರಾಮನ್ನು ಒಂದು ಅಳತೆಯೆಂದು ಹಿಡಿದು, ದಿನಕ್ಕೆ ಅಷ್ಟನ್ನು ಮೀರಬಾರದು, ಕುಡಿದ ಮೇಲೆ ಕನಿಷ್ಠ ಎರಡು ಗಂಟೆ ಬಿಟ್ಟು ಹಾಲೂಡಿಸಬೇಕು ಎನ್ನುತ್ತಾರೆ. ಮೇಲೆ ಹೇಳಿದ ಬಿಯರ್ ಬಾಟಲಿ ಆ ಲೆಕ್ಕದಲ್ಲಿ ಮೂರು ಅಳತೆಗೆ ಹತ್ತಿರವಾಗುತ್ತದೆ. ಅದನ್ನು ‘ಒಂದೇ ಬಿಯರ್’ ಎಂದು ಎಣಿಸುವವರು ನಿಮ್ಮ ಬೈಗುಳಕ್ಕೆ ನಿಜಕ್ಕೂ ಅರ್ಹರು. ಬಿಯರ್ ಕುಡಿದರೆ ಹಾಲು ಹೆಚ್ಚುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ: ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ, ತಾಯಿ ಕುಡಿದ ಮೇಲಿನ ಕೆಲವು ಗಂಟೆಗಳಲ್ಲಿ ಮಗು ಕುಡಿಯುವ ಹಾಲು ಕಡಿಮೆಯಾಗುತ್ತದೆಂದು 1991ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಹಾಲಿಗಿಂತ ದೊಡ್ಡ ಅಪಾಯ ಹಾಸಿಗೆಯಲ್ಲಿದೆ. ಅಮಲಿನಲ್ಲಿರುವವರು, ತಾಯಿಯೋ ತಂದೆಯೋ, ಮಗುವಿನ ಪಕ್ಕದಲ್ಲಿ ಮಲಗಲೇಬಾರದು. ಮೈ ಅಡಿಯಲ್ಲಿ ಸಿಕ್ಕಿದ ಎಳೆಗೂಸಿಗೆ ಕೂಗಲೂ ಬರುವುದಿಲ್ಲ.

ಈಗ ನೀವು ಒಂದು ಸಾಲನ್ನೂ ಬರೆಯದ ವಿಷಯಕ್ಕೆ ಬರುತ್ತೇನೆ. ನಮ್ಮೂರುಗಳಲ್ಲಿ ಊಟವಾದ ಮೇಲೆ ಬಾಣಂತಿಗೆ ಎಲೆಅಡಿಕೆ ಕೊಡುವ ರೂಢಿಯುಂಟು. ಅದರ ಜೊತೆ ಒಂದು ಚಿಟಿಕೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ನಿಕೋಟಿನ್ ಎದೆಹಾಲಿನಲ್ಲಿ ರಕ್ತದಲ್ಲಿರುವುದರ ಎರಡು ಮೂರು ಪಟ್ಟು ಸೇರುತ್ತದೆ, ಮಗುವಿನ ನಿದ್ದೆಯನ್ನು ಕೆಡಿಸುತ್ತದೆ. ರಾತ್ರಿಯೆಲ್ಲ ಅಳುವ ಕೂಸಿಗೆ ದೃಷ್ಟಿ ತೆಗೆದದ್ದೇ ತೆಗೆದದ್ದು. ತಾಯಿಯ ಬಾಯಲ್ಲೇನಿದೆ ಎಂದು ಕೇಳಿದವರಿಲ್ಲ. ಗಾಂಜಾದ ಅಂಶವಂತೂ ಕೊಬ್ಬಿನಲ್ಲಿ ಸೇರಿಕೊಂಡು, ಸೇದಿ ಆರು ದಿನಗಳಾದರೂ ಹಾಲಿನಲ್ಲಿ ಸಿಕ್ಕಿದೆ. ಅಲ್ಲಿ ಎರಡು ಗಂಟೆಯ ಲೆಕ್ಕ ನಡೆಯುವುದಿಲ್ಲ.

ನನ್ನ ತಂಗಿಯ ಮಗಳಿಗೆ ಹೆರಿಗೆಯಾದ ಎರಡನೆಯ ತಿಂಗಳಲ್ಲಿ ಹಲ್ಲು ಕೀಳಿಸಬೇಕಾಯಿತು. ಕೊಟ್ಟದ್ದು ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮತ್ತು ಪ್ಯಾರಾಸಿಟಮಾಲ್. ಔಷಧದಂಗಡಿಯವನು ‘ಒಂದು ವಾರ ಹಾಲು ಕೊಡಬೇಡಿ’ ಎಂದ. ಮೂರನೆಯ ದಿನ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿ ಜ್ವರ ಬಂತು, ಮನೆಗೆ ಹಾಲುಪುಡಿಯ ಡಬ್ಬಿ ಬಂತು, ವಾರ ಕಳೆಯುವಷ್ಟರಲ್ಲಿ ಹಾಲು ಬತ್ತಿತ್ತು. ಆ ಎರಡೂ ಮಾತ್ರೆಗಳಿಗಾಗಿ ಒಂದು ಹೊತ್ತಿನ ಹಾಲನ್ನೂ ತಪ್ಪಿಸಬೇಕಾಗಿರಲಿಲ್ಲ. ಅತ್ತ ಹಾಲೂಡಿಸುವ ತಾಯಂದಿರು ಕೋಡೀನ್ ಮತ್ತು ಟ್ರಮಡಾಲ್ ತೆಗೆದುಕೊಳ್ಳಬಾರದೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲೇ ಎಚ್ಚರಿಸಿದೆ. ಕೋಡೀನ್ ಇರುವುದು ಕೆಮ್ಮಿನ ಸಿರಪ್ಪಿನಲ್ಲಿ, ಟ್ರಮಡಾಲ್ ನೋವಿನ ಮಾತ್ರೆಯಲ್ಲಿ. ಯಾವ ಔಷಧ ಹಾಲಿಗೆ ಎಷ್ಟು ಇಳಿಯುತ್ತದೆಂದು ತಿಳಿಸುವ ‘ಲ್ಯಾಕ್ಟ್‌ಮೆಡ್’ ಎಂಬ ಉಚಿತ ಕೋಶ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಜಾಲತಾಣದಲ್ಲಿದೆ. ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಮಾತ್ರೆ ಡಬ್ಬಿಯೊಳಗಿನ ಚೀಟಿಯೂ ಇಂಗ್ಲಿಷಿನಲ್ಲೇ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಬಿಸ್ಕತ್ತಿನ ಜಾಹೀರಾತಿಗೆ ಬೇಕಾದ ಕನ್ನಡ ಬಾಣಂತಿಯ ಮಾತ್ರೆಗೆ ಬೇಡವಾದದ್ದು ಹೇಗೆ?

ಬಿಡಲಾಗದಷ್ಟು ಕುಡಿಯುವ ತಾಯಂದಿರೂ ಇದ್ದಾರೆ, ಟೀಚರ್. ಅವರಿಗೆ ಅಂಕಣವೂ ಸಾಲದು, ಬೈಗುಳವೂ ಸಾಲದು, ಚಿಕಿತ್ಸೆ ಬೇಕು. ‘ಕುಡಿದವಳ ಹಾಲು ವಿಷ’ ಎಂಬ ಮಾತು ಕಿವಿಗೆ ಬಿದ್ದವಳು ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ತೊಂದರೆಗೊಳಗಾದ ಬಾಣಂತಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗವಿದೆ. ಅಂಥ ಬಾಗಿಲಿನವರೆಗೆ ಜೊತೆಗೆ ನಡೆಯುವವರು ಮನೆಯಲ್ಲಿ ಬೇಕು.

ಪತ್ರದ ಕೊನೆಯಲ್ಲಿ ಸೊಸೆಯ ಬಗ್ಗೆ ಬರೆದು, ಅಚ್ಚು ಹಾಕಬೇಡಿ ಎಂದು ಕೆಳಗೆ ಗೆರೆ ಎಳೆದ ಎರಡು ಸಾಲುಗಳನ್ನು ಅಚ್ಚು ಹಾಕಿಲ್ಲ. ಫ್ರಿಜ್ಜಿನಲ್ಲಿ ಕಂಡದ್ದನ್ನು ನನಗೆ ಬರೆದಿರಿ, ಅವಳನ್ನು ಕೇಳಿದಿರಾ? ಕೇಳುವ ಮೊದಲು ನಿಮ್ಮ ಅಲಮಾರಿನಲ್ಲಿರುವ ಅರಿಷ್ಟದ ಬಾಟಲಿಯನ್ನು ಬೆಳಕಿಗೆ ಹಿಡಿದು, ಲೇಬಲ್ಲಿನ ಮೇಲಿರುವ ಮದ್ಯಸಾರದ ಅಂಕಿಯನ್ನು ಓದಿ, ಮುಂದಿನ ಪತ್ರದಲ್ಲಿ ನನಗೂ ತಿಳಿಸಿ.