ವಿಂಚ್ ಟಕಟಕ ಎಂದರೆ ಬ್ಯಾಟರಿಯನ್ನೇ ದೂರಬೇಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಮಳೆಗಾಲದಲ್ಲಿ ಕೆಸರಿಗೆ ಹೂತುಹೋಗುವ ಹಳೆಯ ಡೀಸೆಲ್ ಜೀಪಿಗೆ 9,500 ಪೌಂಡ್ ಎಳೆಯುವ, 12 ವೋಲ್ಟ್ ವಿಂಚ್ (ಹಗ್ಗ ಸುತ್ತಿ ವಾಹನವನ್ನು ಎಳೆಯುವ ಮೋಟಾರು) ಹಾಕಿಸಿದೆವು. ಬರೀ ಹಗ್ಗ ಸುತ್ತುವಾಗ ಸರಿಯಾಗಿದೆ. ಭಾರ ಬಿದ್ದ ಕೂಡಲೇ ಬಾಕ್ಸಿನೊಳಗೆ ಟಕಟಕ ಸದ್ದಾಗಿ ನಿಲ್ಲುತ್ತದೆ. ಬ್ಯಾಟರಿ ಹೊಸದು. ನೆಗೆಟಿವ್ ಕೇಬಲನ್ನು ಬಂಪರ್ ಬೋಲ್ಟಿಗೆ ಕೊಟ್ಟಿದ್ದಾರೆ. ದೋಷ ಎಲ್ಲಿರಬಹುದು?

ಉತ್ತರ: ಆ ಬೋಲ್ಟಿನಲ್ಲೇ ಇರುವ ಸಂಭವ ಹೆಚ್ಚು. ಇಂಥ ವಿಂಚ್ ಪೂರ್ತಿ ಭಾರಕ್ಕೆ ಸುಮಾರು 400 ಆಂಪಿಯರ್ ಎಳೆಯುತ್ತದೆ. ಹೆಡ್‌ಲೈಟಿಗೆ ಸಾಕಾಗುವ ಬಾಡಿ ಅರ್ತ್ (ಗಾಡಿಯ ಲೋಹದ ಮೈಯನ್ನೇ ನೆಗೆಟಿವ್ ದಾರಿಯಾಗಿ ಬಳಸುವುದು) ಇಲ್ಲಿ ಸಾಲದು. ತುಕ್ಕು, ಪೇಂಟು ಸೇರಿ ಆ ಜಾಯಿಂಟಿನಲ್ಲಿ ಬರೀ 5 ಮಿಲಿಓಮ್ ತಡೆ ಇದ್ದರೂ 400 ಆಂಪಿಯರಿಗೆ 2 ವೋಲ್ಟ್ ಅಲ್ಲೇ ಹೋಯಿತು; 800 ವ್ಯಾಟ್ ಶಾಖ ಬೋಲ್ಟಿನಲ್ಲಿ! ವೋಲ್ಟೇಜ್ ಕುಸಿದಾಗ ಬಾಕ್ಸಿನೊಳಗಿನ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟು ಬಿಡುವ ವಿದ್ಯುತ್ಕಾಂತ ಸ್ವಿಚ್ಚಿನ) ಕಾಯಿಲ್ ಹಿಡಿತ ಬಿಡುತ್ತದೆ, ಭಾರ ತಪ್ಪಿದೊಡನೆ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ನೀವು ಕೇಳುತ್ತಿರುವ ಟಕಟಕ ಅದೇ.

ಖಾತ್ರಿ ಮಾಡಿಕೊಳ್ಳಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ವಿಂಚ್ ಮೋಟಾರಿನ ನೆಗೆಟಿವ್ ಬೋಲ್ಟಿಗೂ ಕ್ಲಿಪ್ ಹಾಕಿ, ಹಗ್ಗದ ನೇರಕ್ಕೆ ನಿಲ್ಲದೆ ಪಕ್ಕದಿಂದ ನೋಡುತ್ತಾ ಭಾರ ಕೊಡಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿ ಕೆಟ್ಟಿದೆ. ಪಾಸಿಟಿವ್ ಕಡೆಯನ್ನೂ ಹಾಗೆಯೇ ನೋಡಿ.

ಪರಿಹಾರ: ಎರಡೂ ಕೇಬಲ್ ನೇರ ಬ್ಯಾಟರಿಗೇ ಹೋಗಲಿ. ಕನಿಷ್ಠ 35 ಚದರ ಮಿಲಿಮೀಟರ್ ತಾಮ್ರ. ಬ್ಯಾಟರಿ ದೂರವಿದ್ದರೆ 50. ಲಗ್ಗುಗಳನ್ನು (ಕೇಬಲ್ ತುದಿಯ ಲೋಹದ ಕಿವಿಗಳನ್ನು) ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಹೊಡೆದು ಚಪ್ಪಟೆ ಮಾಡಿದ ಲಗ್ ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಒಳಗೆ ಹಸಿರಾಗಿರುತ್ತದೆ. ಪಾಸಿಟಿವ್ ಕೇಬಲ್ ತಗಡಿನ ಅಂಚು ದಾಟುವಲ್ಲೆಲ್ಲ ರಬ್ಬರ್ ಹೊದಿಕೆ ಇರಲಿ. ಎಳೆಯುವಾಗ ಎಂಜಿನ್ ಚಾಲೂ ಇಡಿ. ಆದರೂ ಆಲ್ಟರ್ನೇಟರ್ ಇದರ ಬೇಡಿಕೆ ಪೂರೈಸಲಾರದು, ಹೆಚ್ಚಿನ ಪಾಲು ಬ್ಯಾಟರಿಯದೇ. ಆದ್ದರಿಂದ ಒಂದು ನಿಮಿಷ ಎಳೆದರೆ ಕೆಲವು ನಿಮಿಷ ಬಿಡಿ.

ಅದಕ್ಕಿಂತ ಮುಖ್ಯವಾದ ಮಾತು. ಟಕಟಕ ಎನ್ನುವ ಕಾಂಟ್ಯಾಕ್ಟರಿನಲ್ಲಿ ಕಿಡಿ ಹಾರಿ ತುದಿಗಳು ಬೆಸೆದುಕೊಳ್ಳಬಹುದು. ಆಮೇಲೆ ರಿಮೋಟಿನ ಗುಂಡಿ ಬಿಟ್ಟರೂ, ರಿಮೋಟನ್ನೇ ಕಿತ್ತರೂ ವಿಂಚ್ ಎಳೆಯುತ್ತಲೇ ಇರುತ್ತದೆ. ಆಗ ಕೈ ಉಳಿಸುವುದು ಪಾಸಿಟಿವ್ ಕೇಬಲಿನಲ್ಲಿ, ಬ್ಯಾಟರಿ ಪಕ್ಕದ ಕಟ್‌ಆಫ್ ಸ್ವಿಚ್ ಮಾತ್ರ. 400 ಆಂಪಿಯರನ್ನು ತಾಳುವುದನ್ನೇ ಕೊಳ್ಳಿ. ಬಾನೆಟ್ ತೆರೆಯದೆ ಕೈಗೆಟುಕುವಲ್ಲಿ ಅದನ್ನು ಕೂರಿಸಿ, ವಿಂಚ್ ಬಳಸದಾಗ ಆಫ್ ಇಡಿ. ಇಷ್ಟು ದಿನ ಟಕಟಕ ಎಂದ ಕಾಂಟ್ಯಾಕ್ಟರನ್ನೂ ಬದಲಿಸಿಬಿಡಿ.

ಪ್ರಶ್ನೆ: ಡ್ರೈವರ್ ಸೀಟಿನಿಂದಲೇ ನಡೆಸಲು ಡ್ಯಾಶ್‌ಬೋರ್ಡಿನಲ್ಲಿ ಎರಡು ಗುಂಡಿ ಇಡಬಹುದೇ? (ಸಕಲೇಶಪುರ)

ಉತ್ತರ: ಎರಡು ಗುಂಡಿ ಬೇಡ. ಒಳಕ್ಕೂ ಹೊರಕ್ಕೂ ಒಟ್ಟಿಗೆ ಒತ್ತಿದರೆ ಕೆಲವು ಸೊಲೆನಾಯ್ಡ್ ಬಾಕ್ಸುಗಳಲ್ಲಿ (ಕಾಂಟ್ಯಾಕ್ಟರ್ ಇರುವ ಪೆಟ್ಟಿಗೆಗಳಲ್ಲಿ) ಬ್ಯಾಟರಿ ಹೆಚ್ಚುಕಡಿಮೆ ಶಾರ್ಟ್ ಆದಂತೆಯೇ. ನಡುವೆ ಆಫ್ ಇರುವ, ಕೈಬಿಟ್ಟರೆ ತಾನೇ ನಡುವಿಗೆ ಮರಳುವ ಒಂದೇ ಸ್ವಿಚ್ ಹಾಕಿ. ಅದಕ್ಕೆ ಮುಂಚೆ, ಮುಚ್ಚಳವಿರುವ ಇನ್ನೊಂದು ಆನ್-ಆಫ್ ಸ್ವಿಚ್. ಕರೆಂಟು ಇಗ್ನಿಷನ್ ಲೈನಿನಿಂದ, 10 ಆಂಪಿಯರ್ ಫ್ಯೂಸಿನ ಮೂಲಕ ಬರಲಿ. ಕಾಯಿಲಿಗೆ ಬೇಕಾದದ್ದು ಕೆಲವೇ ಆಂಪಿಯರ್, 1.5 ಚದರ ಮಿಲಿಮೀಟರ್ ವೈರ್ ಸಾಕು. ಮೋಟಾರಿನ ಕೇಬಲನ್ನು ಮಾತ್ರ ಕ್ಯಾಬಿನ್ ಒಳಗೆ ತರಲೇಬೇಡಿ.

ಪ್ರಶ್ನೆ: ತೋಟದ ಸಿಲ್ವರ್ ಮರಕ್ಕೆ ಹಗ್ಗ ಕಟ್ಟಬಹುದೇ? (ಚಿಕ್ಕಮಗಳೂರು)

ಉತ್ತರ: ಬೇರೆ ಗಟ್ಟಿ ಮರವಿದ್ದರೆ ಸಿಲ್ವರ್ ಬೇಡ, ಅದು ಬೇಗ ಮುರಿಯುವ ಮರ. ಅನಿವಾರ್ಯವಾದರೆ ದಪ್ಪ ಮರವನ್ನೇ ಆರಿಸಿ, ಮೆಣಸಿನ ಬಳ್ಳಿ ಇಲ್ಲದ್ದು. ಅಗಲ ಬೆಲ್ಟನ್ನು ಬುಡಕ್ಕೆ ಹತ್ತಿರವಾಗಿ ಸುತ್ತಿ. ಕೊಕ್ಕೆಯನ್ನು ಹಗ್ಗಕ್ಕೇ ಸಿಕ್ಕಿಸಬೇಡಿ. ಮರಕ್ಕೆ ಪುಲ್ಲಿ ಕಟ್ಟಿ ಹಗ್ಗವನ್ನು ಜೀಪಿಗೇ ವಾಪಸ್ ತಂದರೆ ವಿಂಚಿನ ಭಾರ ಅರ್ಧಕ್ಕಿಳಿದು ಆಂಪಿಯರ್ ಕೂಡ ತಗ್ಗುತ್ತದೆ. ಮರದ ಮೇಲಿನ ಸೆಳೆತ ಮಾತ್ರ ಅದರಿಂದ ಕಡಿಮೆಯಾಗದು. ಡ್ರಮ್ಮಿನ ಮೇಲೆ ಉಕ್ಕಿನ ಹಗ್ಗವಾದರೆ 5 ಸುತ್ತು, ಸಿಂಥೆಟಿಕ್ ಆದರೆ 10 ಸುತ್ತು ಯಾವಾಗಲೂ ಉಳಿದಿರಲಿ.