ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಸಾಕೆ?

ಪ್ರಶ್ನೆ: ಏಳನೆಯ ತರಗತಿಯ ನನ್ನ ಮಗಳಿಗೆ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿದೆ. ಕಿವುಡ ಮಕ್ಕಳ ಶಾಲೆಯಲ್ಲಿ ಸಂಜ್ಞಾಭಾಷೆಯನ್ನು ಚೆನ್ನಾಗಿ ಕಲಿತಿದ್ದಾಳೆ. ಈ ವರ್ಷ ಹತ್ತಿರದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದೇವೆ. ಶ್ರವಣಸಾಧನವಿರುವುದರಿಂದ ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಸಾಕೆಂದು ಶಿಕ್ಷಕರು ಹೇಳುತ್ತಾರೆ. ಪಾಠವನ್ನು ಸಂಜ್ಞಾಭಾಷೆಯಲ್ಲಿ ತಿಳಿಸುವ ದುಭಾಷಿಯನ್ನು ಕೇಳುವುದು ಅತಿಯಾಗುತ್ತದೆಯೆ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಖಂಡಿತ ಅತಿಯಾಗುವುದಿಲ್ಲ. ಶ್ರವಣಸಾಧನವು ಶಿಕ್ಷಕರ ಮಾತಿನೊಂದಿಗೆ ಫ್ಯಾನಿನ ಸದ್ದನ್ನೂ ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ಶಿಕ್ಷಕರು ದೂರ ಸರಿದಷ್ಟೂ ಮಾತು ಆ ಗದ್ದಲದಲ್ಲಿ ಮುಳುಗುತ್ತದೆ, ಹಲಗೆಯತ್ತ ತಿರುಗಿದರೆ ತುಟಿಯ ಚಲನೆಯೂ ಕಾಣದು. ಶಿಕ್ಷಕರು ಧರಿಸುವ ಪುಟ್ಟ ಮೈಕಿನಿಂದ ಧ್ವನಿಯನ್ನು ನೇರವಾಗಿ ಶ್ರವಣಸಾಧನಕ್ಕೆ ತಲುಪಿಸುವ ವ್ಯವಸ್ಥೆಯಿದೆ. ಅದು ಬಹಳ ಉಪಯುಕ್ತ. ಆದರೆ ಸಹಪಾಠಿಗಳ ಮಾತು ಅದರಲ್ಲಿ ಬರಬೇಕಾದರೆ ಮೈಕು ಕೈಯಿಂದ ಕೈಗೆ ಹೋಗಬೇಕು. ಮಾತನ್ನು ಅಕ್ಷರವಾಗಿಸುವ ಮೊಬೈಲ್ ಆ್ಯಪ್‌ಗಳು ಹಲವರು ಒಟ್ಟಿಗೆ ಮಾತನಾಡಿದರೆ ತಡವರಿಸುತ್ತವೆ. ಇಂಗ್ಲಿಷ್ ಓದುವ ವೇಗ ಇನ್ನೂ ಕುದುರಬೇಕಾದ ಮಗುವಿಗೆ ಅವು ಪೂರ್ತಿ ಆಸರೆಯಾಗಲಾರವು.

ಸಂಜ್ಞಾಭಾಷೆಯಲ್ಲೇ ಯೋಚಿಸುವ ನಿಮ್ಮ ಮಗಳಿಗೆ ದುಭಾಷಿಯೇ ಮುಖ್ಯ. ಆದರೆ ದುಭಾಷಿ ಬಂದಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಇದನ್ನು ಶಾಲೆಗೆ ಒತ್ತಿ ಹೇಳಿ. ಮಗು ದುಭಾಷಿಯ ಕೈಗಳನ್ನೂ ಹಲಗೆಯನ್ನೂ ಪುಸ್ತಕವನ್ನೂ ಅದೇ ಎರಡು ಕಣ್ಣುಗಳಿಂದ ನೋಡಬೇಕು. ಆದ್ದರಿಂದ ದುಭಾಷಿ ಹಲಗೆಯ ಪಕ್ಕದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲಬೇಕು. ಶಿಕ್ಷಕರು ಚಿತ್ರ ತೋರಿಸಿದ ಬಳಿಕ ಅದನ್ನು ನೋಡಲು ಬಿಡುವು ಕೊಟ್ಟು ಮುಂದಕ್ಕೆ ಹೋಗಬೇಕು. ಸಂಜ್ಞೆಯು ಮಾತಿಗಿಂತ ಕೆಲವು ಕ್ಷಣ ತಡವಾಗಿ ಬರುವುದರಿಂದ, ಪ್ರಶ್ನೆ ಕೇಳಿದೊಡನೆ ಎದ್ದ ಕೈಗಳಿಗೇ ಅವಕಾಶ ಕೊಟ್ಟರೆ ನಿಮ್ಮ ಮಗಳ ಸರದಿ ಬರುವುದೇ ಇಲ್ಲ, ಮತ್ತು ಇದನ್ನು ದಡ್ಡತನವೆಂದು ತಿಳಿಯುವ ಅನ್ಯಾಯ ನಡೆಯುತ್ತದೆ. ಪಾಠ ದುಭಾಷಿಗೆ ಮೊದಲೇ ಸಿಗಬೇಕು. ಶಿಕ್ಷಕರು ದುಭಾಷಿಯನ್ನಲ್ಲ, ಮಗಳನ್ನು ನೋಡಿ ಮಾತನಾಡಬೇಕು; ಕಲಿಸುವ ಹೊಣೆ ಶಿಕ್ಷಕರದೇ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 16ನೆಯ ಕಲಮು, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಲ್ಲಿ ಕಿವುಡ ಮಕ್ಕಳಿಗೆ ತಕ್ಕ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಶಿಕ್ಷಣ ಸಿಗಬೇಕೆನ್ನುತ್ತದೆ. ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯು ಶ್ರವಣ ಪರೀಕ್ಷೆ ಮಾಡುತ್ತದೆ, ಸಂಜ್ಞಾಭಾಷೆಯ ದುಭಾಷಿಗಳಿಗೆ ತರಬೇತಿಯನ್ನೂ ಕೊಡುತ್ತದೆ. ಅಲ್ಲಿಂದ ಲಿಖಿತ ಶಿಫಾರಸು ಪಡೆದು, ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿಯೇ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ದಿನವಿಡೀ ದುಭಾಷಿ ಸಿಗದಿದ್ದರೆ, ವಿಜ್ಞಾನ, ಸಮಾಜದಂತಹ ವಿವರಣೆ ಹೆಚ್ಚಿರುವ ಪಾಠಗಳಿಗಾದರೂ ಮೊದಲು ಕೇಳಿ. ಯಾವ ತರಗತಿಯಲ್ಲಿ ಹೆಚ್ಚು ತಪ್ಪಿಹೋಗುತ್ತದೆ ಎಂಬುದನ್ನು ಮಗಳೇ ಸರಿಯಾಗಿ ಹೇಳಬಲ್ಲಳು. ಶಾಲೆಯೊಂದಿಗಿನ ಮಾತುಕತೆಗೆ ಅವಳನ್ನೂ ಕರೆದೊಯ್ಯಿರಿ, ಆ ದಿನವೂ ಒಬ್ಬ ದುಭಾಷಿ ಜೊತೆಗಿರಲಿ.