ಕರೆಂಟ್ ದರ ಏರಿಕೆಯನ್ನು ನಮ್ಮ ಎಂಎಲ್‌ಎ ತಡೆಯಬಹುದಾ?

ನೀವು ಕೇಳಿದ್ದು ಇಷ್ಟು: ಕರೆಂಟ್ ದರ ಏರಿದಾಗಲೆಲ್ಲ ಆಡಳಿತ ಪಕ್ಷದವರು, ವಿರೋಧ ಪಕ್ಷದವರು ಒಬ್ಬರ ಮೇಲೊಬ್ಬರು ಎತ್ತಿ ಹಾಕುತ್ತಾರೆ. ಅಷ್ಟು ಕಾಳಜಿ ಇದ್ದರೆ ವಿಧಾನಸಭೆಯಲ್ಲೇ ಓಟು ಹಾಕಿ ಬೇಡ ಅನ್ನಬಹುದಲ್ವಾ?

ಆಗಲ್ಲ. ದರದ ಆದೇಶ ಸದನದ ಮುಂದೆ ಬರುವುದೇ ಇಲ್ಲ. ಆದರೆ ನಿಮ್ಮ ಎಂಎಲ್‌ಎ ‘ನನ್ನ ಕೈಲಿ ಏನೂ ಇಲ್ಲ’ ಅಂದರೆ ಅದನ್ನೂ ಪೂರ್ತಿ ನಂಬಬೇಡಿ.

ನಾನು ಸಣ್ಣ ಕೈಗಾರಿಕೆಯವರ ಸಂಘವೊಂದಕ್ಕೆ ದರ ಏರಿಕೆ ವಿರುದ್ಧ ಆಕ್ಷೇಪಣೆ ಬರೆದುಕೊಡುತ್ತೇನೆ, ವಿಚಾರಣೆಗೂ ಹೋಗುತ್ತೇನೆ. ಈ ಪ್ರಶ್ನೆ ಅಲ್ಲೂ ಎದ್ದೇ ಏಳುತ್ತದೆ. ಆಗೆಲ್ಲ ನಾನು ಹೇಳುವುದು, ಮೊದಲು ಬಿಲ್ ತೆಗೆದು ಒಂದೊಂದೇ ಸಾಲು ನೋಡಿ ಅಂತ.

ಮೇಲೆ ನಿಗದಿತ ಶುಲ್ಕ ಇರುತ್ತದೆ. ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟೋ ಅದರ ಮೇಲೆ. ಒಂದು ಯೂನಿಟ್ ಬಳಸದಿದ್ದರೂ ಕಟ್ಟಬೇಕು. ಅದರ ಕೆಳಗೆ ಬಳಸಿದ ಯೂನಿಟ್‌ಗೆ ಇಷ್ಟು ಅಂತ. ಇವೆರಡನ್ನೂ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಆಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಕಲ್ಲಿದ್ದಲು ಬೆಲೆ, ಹೊರಗಿನಿಂದ ಕೊಂಡ ಕರೆಂಟಿನ ಬೆಲೆ ಹೆಚ್ಚುಕಮ್ಮಿ ಆದಂತೆ ಇದೂ ಏರಿಳಿಯುತ್ತದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಬಲದಿಂದ ತಿಂಗಳು ತಿಂಗಳೂ ತಾನಾಗಿ ಬಿಲ್‌ಗೆ ಸೇರುವ ವ್ಯವಸ್ಥೆ ಇದು. ಇನ್ನೊಂದು ಸಾಲು ಹೊಸದು, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಸರ್‌ಚಾರ್ಜ್. 2025ರ ಮಾರ್ಚ್‌ನಲ್ಲಿ ಆಯೋಗ ಆದೇಶ ಮಾಡಿ, ಏಪ್ರಿಲ್ 1ರಿಂದ ಯೂನಿಟ್‌ಗೆ 36 ಪೈಸೆ ಹಾಕಿತು.

ಕೊನೆಗೆ ತೆರಿಗೆ, ಶೇ 9. ನಿಮ್ಮ ಶಾಸಕರ ಸಾಲು ಇದೇ! 1959ರ ರಾಜ್ಯದ ಕಾಯ್ದೆಯ ಪ್ರಕಾರ ವಸೂಲಾಗುವ ತೆರಿಗೆ ಇದು. ಹಿಂದೆ ಶೇ 6 ಇತ್ತು, 2018ರ ಜುಲೈ ಬಜೆಟ್‌ನಲ್ಲಿ ಶೇ 9ಕ್ಕೆ ಏರಿಸುವ ಪ್ರಸ್ತಾವ ಬಂತು. ಬೀದಿಯಲ್ಲಿ ದರ ಏರಿಕೆ ವಿರುದ್ಧ ಕೂಗುವ ಎಷ್ಟೋ ಜನಪ್ರತಿನಿಧಿಗಳು ಈ ಸಾಲಿನ ಬಗ್ಗೆ ಮಾತೇ ಎತ್ತಲ್ಲ. ಯಾಕೆ ಅಂದರೆ ಆ ದುಡ್ಡು ಹೋಗುವುದು ಖಜಾನೆಗೆ.

ಉಳಿದ ಸಾಲುಗಳು ಅವರ ಕೈತಪ್ಪಿದ್ದು ಹೇಗೆ? ಮೊದಲು ಕೆಇಬಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ ಮಂಡಳಿ ಮತ್ತು ಸರ್ಕಾರವೇ ದರ ನೋಡಿಕೊಳ್ಳುತ್ತಿದ್ದವು. ರಾಜಕೀಯದ ಲೆಕ್ಕ ಹಾಕಿ ದರ ಇಡುವುದು, ನಷ್ಟ ಬೆಳೆಯುವುದು, ಇದೇ ಕಥೆ. 1999ರಲ್ಲಿ ರಾಜ್ಯ ವಿದ್ಯುತ್ ಸುಧಾರಣಾ ಕಾಯ್ದೆ ಬಂದು ಆಯೋಗ ಹುಟ್ಟಿತು. 2003ರಲ್ಲಿ ಕೇಂದ್ರದ ವಿದ್ಯುತ್ ಕಾಯ್ದೆ ಬಂತು. ಈಗ ಕರೆಂಟ್ ಹಂಚುವ ಕಂಪನಿಗಳು, ಅಂದರೆ ಎಸ್ಕಾಂಗಳು, ಅರ್ಜಿ ಹಾಕಬೇಕು, ಅದರ ಸಾರಾಂಶ ಪತ್ರಿಕೆಯಲ್ಲಿ ಬರಬೇಕು, ಜನರ ಆಕ್ಷೇಪಣೆ ಕೇಳಿ ಆಯೋಗ 120 ದಿನದೊಳಗೆ ಆದೇಶ ಕೊಡಬೇಕು. ಒಪ್ಪಿಗೆ ಇಲ್ಲದವರು 45 ದಿನದೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಈ ದಾರಿಯಲ್ಲಿ ಎಲ್ಲೂ ವಿಧಾನಸೌಧ ಸಿಗುವುದಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವ್ಯತ್ಯಾಸ ಇದೆ. ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಮಾಡುವ ನಿಯಮಾವಳಿಗಳನ್ನು ಸಂಸತ್ತಿನ ಮುಂದಿಡಬೇಕು, ಎರಡೂ ಸದನ ಒಪ್ಪಿದರೆ ತಿದ್ದಬಹುದು, ರದ್ದೂ ಮಾಡಬಹುದು. ಇದು 2003ರ ಕಾಯ್ದೆಯ 179ನೇ ಸೆಕ್ಷನ್. ರಾಜ್ಯ ಆಯೋಗದ್ದು 182ನೇ ಸೆಕ್ಷನ್. ಅಲ್ಲಿ ಶಾಸನಸಭೆಯ ಮುಂದೆ ‘ಇಡಬೇಕು’ ಅಂತಷ್ಟೇ ಇದೆ, ತಿದ್ದುವ ಮಾತೇ ಇಲ್ಲ. ಅದೂ ನಿಯಮಾವಳಿಗೆ ಮಾತ್ರ. ವರ್ಷ ವರ್ಷದ ದರ ಪಟ್ಟಿ ನಿಯಮಾವಳಿ ಅಲ್ಲ, ಆದೇಶ. ಅದನ್ನು ಇಡುವ ಪ್ರಶ್ನೆಯೂ ಬರಲ್ಲ.

2023ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. 10ರಂದು ಮತದಾನ, 13ರಂದು ಎಣಿಕೆ. ನಡುವೆ 12ರಂದು ಆಯೋಗದ ಆದೇಶ ಬಂತು. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆ, ಅದೂ ಏಪ್ರಿಲ್ 1ರಿಂದಲೇ ಲೆಕ್ಕ. ಹಳೆ ಸರ್ಕಾರ ಹೋಗುವುದರಲ್ಲಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಮನೆಗಳಿಗೆ 100 ಯೂನಿಟ್‌ವರೆಗೆ 4.75 ರೂಪಾಯಿ, 100 ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. 100 ಯೂನಿಟ್ ಸುಟ್ಟವರಿಗೆ 475 ರೂಪಾಯಿ, 101 ಸುಟ್ಟವರಿಗೆ 707. ಒಂದೇ ಒಂದು ಯೂನಿಟ್‌ಗೆ 232 ರೂಪಾಯಿ! ಜೂನ್‌ನಲ್ಲಿ ಹಿಂಬಾಕಿಯೂ ಸೇರಿ ಬಿಲ್ ಬಂದಾಗ ಜನ ಎಸ್ಕಾಂ ಕಚೇರಿಗಳ ಮುಂದೆ ನಿಂತರು, ವ್ಯಾಪಾರ–ಕೈಗಾರಿಕೆ ಸಂಘಗಳು ಬಂದ್‌ಗೆ ಕರೆ ಕೊಟ್ಟವು. ಆ ಏರಿಕೆ ನಮ್ಮದಲ್ಲ ಅಂತ ಹಳೆ ಸರ್ಕಾರದವರು, ಹೊಸ ಸರ್ಕಾರದವರು ಇಬ್ಬರೂ ಕೈ ತೊಳೆದುಕೊಂಡರು. ಕಾನೂನಿನ ಪ್ರಕಾರ ಇಬ್ಬರ ಮಾತೂ ಸರಿಯೇ, ಅದೇ ಸಿಟ್ಟು ಬರಿಸುವ ವಿಷಯ. ಮುಂದಿನ ವರ್ಷ ಆಯೋಗವೇ ಆ ಎರಡು ಹಂತ ಬಿಟ್ಟು ಮನೆಗಳಿಗೆ ಒಂದೇ ದರ, 5.90 ಮಾಡಿತು.

ಹಾಗಾದ್ರೆ ಶಾಸಕರ ಕೈಲಿ ಇರುವುದು ಏನು? ತೆರಿಗೆ ಒಂದು ಆಯಿತು. ಅದಕ್ಕಿಂತ ದೊಡ್ಡದು ಸಬ್ಸಿಡಿ. ಯಾವುದೇ ವರ್ಗಕ್ಕೆ ರಿಯಾಯಿತಿ ಕೊಡಬೇಕು ಅಂದರೆ ಸರ್ಕಾರ ಆ ದುಡ್ಡನ್ನು ಎಸ್ಕಾಂಗೆ ಮುಂಗಡವಾಗಿ ಕೊಡಬೇಕು ಅಂತ ಅದೇ 2003ರ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. 10 ಎಚ್‌ಪಿವರೆಗಿನ ಐಪಿ ಸೆಟ್‌ಗೆ (ರೈತರ ನೀರಾವರಿ ಪಂಪು) ಉಚಿತ ಕರೆಂಟ್, 200 ಯೂನಿಟ್ ಒಳಗಿನ ಗೃಹಜ್ಯೋತಿ, ಎರಡೂ ಹೀಗೆ ಬಜೆಟ್‌ನಿಂದ ಬರುವ ದುಡ್ಡು. ಬಜೆಟ್‌ಗೆ ಸದನದ ಒಪ್ಪಿಗೆ ಬೇಕೇ ಬೇಕು. ಆ ದುಡ್ಡು ತಡವಾದರೆ ಎಸ್ಕಾಂ ಸಾಲ ಮಾಡುತ್ತದೆ, ಬಡ್ಡಿ ಕಟ್ಟುತ್ತದೆ. ಹೊರೆ ಕೊನೆಗೆ ಯಾರ ಬಿಲ್ ಕಡೆ ತಿರುಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಮ ಪಂಚಾಯ್ತಿಗಳ ಬೀದಿ ದೀಪ, ಕುಡಿಯುವ ನೀರಿನ ಪಂಪು, ಸರ್ಕಾರಿ ಕಚೇರಿಗಳ ಬಾಕಿಯದ್ದೂ ಇದೇ ಕಥೆ. ಪಿಂಚಣಿಯ 36 ಪೈಸೆಯನ್ನೂ ನಾನು ಇದೇ ಕಣ್ಣಲ್ಲಿ ನೋಡುತ್ತೇನೆ. ಖಜಾನೆ ಹೊರುತ್ತಿದ್ದ ಪಾಲು ಗ್ರಾಹಕರ ಹೆಗಲಿಗೆ ಬಂತು. ಇದು ಸದನದಲ್ಲಿ ದಿನಗಟ್ಟಲೆ ಚರ್ಚೆ ಆಗಬೇಕಾದ ವಿಷಯ.

ಇನ್ನು ಸಮಿತಿಗಳು. ಎಸ್ಕಾಂಗಳು ಸರ್ಕಾರಿ ಕಂಪನಿಗಳು, ಸಿಎಜಿ ಅವುಗಳ ಲೆಕ್ಕ ನೋಡುತ್ತದೆ, ಆ ವರದಿ ಸಾರ್ವಜನಿಕ ಉದ್ದಿಮೆಗಳ ಸಮಿತಿಗೆ ಹೋಗುತ್ತದೆ. ಅಲ್ಲಿ ಎಲ್ಲ ಪಕ್ಷದ ಶಾಸಕರೂ ಇರುತ್ತಾರೆ, ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳಬಹುದು. ಟ್ರಾನ್ಸ್‌ಫಾರ್ಮರ್ ಯಾಕಿಷ್ಟು ಸುಡುತ್ತವೆ, ಕರೆಂಟ್ ಸೋರಿಕೆ ಯಾಕೆ ಇಳಿದಿಲ್ಲ ಅಂತ. ದರದ ಮೂಲ ಅಲ್ಲೇ ಇರುವುದು. ಕ್ಯಾಮೆರಾ ಇಲ್ಲದ ಕಡೆ ಉತ್ಸಾಹ ಕಮ್ಮಿ, ಅಷ್ಟೇ.

ಹಾಗಂತ ದರ ನಿಗದಿಯನ್ನೇ ಶಾಸಕರಿಗೆ ವಾಪಸ್ ಕೊಡಿ ಅಂತ ನಾನು ಹೇಳಲ್ಲ. ಬೆಂಗಳೂರಿನ ನೀರಿನ ದರ ನೋಡಿ. ಅದಕ್ಕೆ ಆಯೋಗ ಇಲ್ಲ, ಜಲಮಂಡಳಿ ಪ್ರಸ್ತಾವ ಕಳಿಸಬೇಕು, ಸರ್ಕಾರ ಒಪ್ಪಬೇಕು. 2014ರಲ್ಲಿ ಏರಿಸಿದ್ದು ಬಿಟ್ಟರೆ ಮತ್ತೆ ಏರಿದ್ದು 2025ರಲ್ಲಿ. ಹನ್ನೊಂದು ವರ್ಷ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಏರಿಸದಿದ್ದರೆ ಒಳ್ಳೇದಲ್ವಾ ಅನ್ನಬಹುದು. ಅಷ್ಟು ವರ್ಷ ಮಂಡಳಿಯ ಪಂಪುಗಳಿಗೆ ಕರೆಂಟ್ ಬಿಲ್ ಮಾತ್ರ ಏರುತ್ತಲೇ ಇತ್ತು.

ನೀವು ಏನಾದ್ರೂ ಮಾಡಬೇಕು ಅಂತಿದ್ದರೆ, ದರ ಅರ್ಜಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಆಕ್ಷೇಪಣೆ ಹಾಕಿ. ನಾನು ಹೋದ ವಿಚಾರಣೆಗಳಲ್ಲಿ ಮುಂದಿನ ಸಾಲಿನಲ್ಲಿ ದಪ್ಪ ಫೈಲು ಹಿಡಿದ ಕೈಗಾರಿಕೆ ಸಂಘದವರು, ಪಕ್ಕದಲ್ಲಿ ರೈತ ಮುಖಂಡರು. ಮನೆ ಬಳಕೆಯವರು ಬೆರಳೆಣಿಕೆ. ಬಂದವರೂ ‘ಬಡವರಿಗೆ ಕಷ್ಟ’ ಅಂತ ಹೇಳಿ ಕೂರುತ್ತಾರೆ. ಅದನ್ನು ಆದೇಶದಲ್ಲಿ ಒಂದು ಸಾಲು ಬರೆದು ಮುಗಿಸುತ್ತಾರೆ. ಅದರ ಬದಲು ಎಸ್ಕಾಂ ಕೊಟ್ಟ ಅಂಕಿಯನ್ನೇ ಹಿಡಿದು, ಹೋದ ವರ್ಷ ಇದೇ ಕೆಲಸಕ್ಕೆ ಇಷ್ಟು ಕೇಳಿದ್ರಿ, ಖರ್ಚು ಮಾಡಿದ್ದು ಇಷ್ಟೇ ಅಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಎಂಎಲ್‌ಎ ಹತ್ತಿರ ಹೋದರೆ ದರ ಇಳಿಸಿ ಅಂತ ಸುಮ್ನೆ ಮನವಿ ಕೊಟ್ಟು ಬರಬೇಡಿ. ನಮ್ಮ ಎಸ್ಕಾಂಗೆ ಸರ್ಕಾರದಿಂದ ಬರಬೇಕಾದ ಸಬ್ಸಿಡಿ ಬಾಕಿ ಎಷ್ಟು, ಇಲಾಖೆಗಳು ಮತ್ತು ಪಂಚಾಯ್ತಿಗಳ ಬಿಲ್ ಬಾಕಿ ಎಷ್ಟು, ಅದಕ್ಕಾಗಿ ಮಾಡಿದ ಸಾಲಕ್ಕೆ ಕಟ್ಟಿದ ಬಡ್ಡಿ ಎಷ್ಟು, ಇವನ್ನು ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಿ ಅಂತ ಬರೆದುಕೊಡಿ. ಇಂಧನ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರದ ಪ್ರತಿಯನ್ನು ನಿಮ್ಮ ಆಕ್ಷೇಪಣೆಗೆ ಲಗತ್ತಿಸಿ ಆಯೋಗದ ಮುಂದಿಡಿ.